ತಣ್ಣೀರು ಹಾಕಿ ಆಯಿತಾ?

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಎಲ್ಲಕ್ಕಿಂತ ಮೊದಲು ಬರೆದುಬಿಡುತ್ತೇನೆ, ಆಮೇಲೆ ಮರೆತರೆ ಕಷ್ಟ. ಹೆಸರು ಶಾಲಿನಿ. ಕಿವಿ ಅವಳ ಅಜ್ಜನದ್ದು, ಹಣೆ ನನ್ನದು, ಅಳುವ ಸ್ವರ ಮಾತ್ರ ಯಾರ ಕಡೆಯದ್ದೆಂದು ಇನ್ನೂ ಗೊತ್ತಾಗಿಲ್ಲ. ಅವಳು ಹುಟ್ಟಿ ಎರಡು ವರ್ಷ ದಾಟಿತಂತೆ. ಪಂಜದಲ್ಲಿ ತನ್ನ ಅಪ್ಪನ ಮನೆಯ ಅಂಗಳದಲ್ಲಿ ಕೋಳಿಗಳ ಹಿಂದೆ ಓಡುತ್ತಾಳಂತೆ. ಆದರೂ ನಮ್ಮೂರು ನರಿಮೊಗರಿನಲ್ಲಿ ಬಸ್ಸಿಗೆ ಕಾಯುವವರು ಯಾರಾದರೂ ಸಿಕ್ಕಿದರೆ ನಾನು ಈಗಲೂ, "ಗೊತ್ತಾಯ್ತಾ, ನನ್ನ ಸುಮತಿ ಹೆತ್ತಳು, ಹೆಣ್ಣು ಮಗು" ಎನ್ನುತ್ತೇನೆ. ಒಳ್ಳೆಯವರು "ಹೌದಾ ಲೀಲಕ್ಕ, ಸಂತೋಷ" ಎಂದು ಹೊಸದಾಗಿ ಕೇಳಿದವರ ಹಾಗೆಯೇ ಹೇಳುತ್ತಾರೆ. ಮೀನು ಮಾರುವ ಮೋನು ಮಾತ್ರ, "ಇದು ಎಷ್ಟನೆಯ ಹೆರಿಗೆ ಮಾರಾಯ್ರೆ, ನಿಮ್ಮ ಮಗಳು ವಾರಕ್ಕೊಂದು ಹೆರುದಾ?" ಎಂದು ನಗುತ್ತಾನೆ. ನಾನೂ ನಗುತ್ತೇನೆ. ಮನೆಗೆ ಬಂದ ಮೇಲೆ ನಗು ಬರುವುದಿಲ್ಲ.

ನಾನು ಓದಿದ್ದು ಮೂರನೆಯ ಕ್ಲಾಸು. ಬೆರಳು ಹಿಡಿದ ಕಡೆ ಪೆನ್ಸಿಲ್ ನಿಲ್ಲುವುದಿಲ್ಲ, ತಲೆ ಹಿಡಿದ ಕಡೆ ಮಾತು ನಿಲ್ಲುವುದಿಲ್ಲ. "ನಿನ್ನ ಹಾಗೆ ನೋವು, ಮರೆವು ಎರಡೂ ಒಟ್ಟಿಗೆ ಹಿಡಿದವರು ಬೇರೆ ಕಡೆಯೂ ಇರ್ತಾರೆ ಅಮ್ಮ, ಅವರಿಗೆ ಬೇಕಾಗಿಯಾದರೂ ಬರೆ" ಎಂದು ಸುಮತಿ ಹೇಳಿದ್ದಕ್ಕೆ ಕುಳಿತಿದ್ದೇನೆ. ಹಳೆಯದೆಲ್ಲ ನನ್ನಲ್ಲೇ ಉಂಟು. ಹೊಸದರಲ್ಲಿ ತೂತು ಬಿದ್ದ ಕಡೆ ಮಗಳೂ ಮನೆಯವರೂ ಹೇಳಿದ್ದನ್ನು ಸೇರಿಸಿದ್ದೇನೆ.

ನನ್ನ ಕೆಲಸ ಬಾಣಂತಿ ಆರೈಕೆ. ಹೆತ್ತ ಮನೆಗೆ ಬೆಳಿಗ್ಗೆ ಹೋಗಿ ತಾಯಿಗೂ ಮಗುವಿಗೂ ಎಣ್ಣೆ ತಿಕ್ಕಿ ಮೀಯಿಸುವುದು, ಧೂಪ ಹಾಕುವುದು, ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸುವುದು. ನನ್ನ ಅಮ್ಮನೂ ಇದನ್ನೇ ಮಾಡಿದವಳು. ಬಚ್ಚಲಿನ ನೆಲದಲ್ಲಿ ಎರಡೂ ಕಾಲು ಉದ್ದಕ್ಕೆ ಚಾಚಿ ಕೂರಬೇಕು. ಬಾಲೆಯನ್ನು, ಎಂದರೆ ಮಗುವನ್ನು, ಕಾಲುಗಳ ನಡುವಿನ ತಗ್ಗಿನಲ್ಲಿ, ತಲೆ ಪಾದದ ಕಡೆಗೆ ಬರುವ ಹಾಗೆ ಮಲಗಿಸಬೇಕು. ಪಕ್ಕದಲ್ಲಿ ಬಾಲ್ದಿ. ಹಂಡೆಯಲ್ಲಿ ಮದ್ದಿನ ನೆಕ್ಕಿ ಸೊಪ್ಪು ಹಾಕಿ ಕುದಿಸಿದ ನೀರನ್ನು ಬಾಲ್ದಿಗೆ ತೋಡಿ, ಬಾವಿಯ ತಣ್ಣೀರು ಬೆರೆಸಿ, ಮೊಣಕೈಯವರೆಗೆ ಅದ್ದಿ ನೋಡಿ, ಆಮೇಲೆ ಮಗುವಿನ ಮೈಗೆ ಚೆಂಬು. ನರಿಮೊಗರಿನಲ್ಲಿ ಈಗ ಮೀಸೆ ಬಂದ ಎಷ್ಟೋ ಹುಡುಗರು ನನ್ನ ಕಾಲ ಮೇಲೆ ಉಚ್ಚೆ ಹೊಯ್ದವರು.

ಎಮರ್ಜೆನ್ಸಿಯ ಸುಮಾರಿಗೆ ನೋವು ಶುರುವಾಯಿತು. ಬೆಳಿಗ್ಗೆ ಎದ್ದರೆ ಬೆರಳು ಮಡಚಲಿಕ್ಕೆ ಬಾರದು. ಹಸಿ ಬಟ್ಟೆ ಹಿಂಡಲಿಕ್ಕೆ ಹೋದರೆ ಕಣ್ಣಲ್ಲಿ ನೀರು. ಆಮೇಲೆ ಮಣಿಕಟ್ಟು, ಆಮೇಲೆ ಮೊಣಕಾಲು. ಮಳೆಗಾಲದ ಶೀತ ಎಂದುಕೊಂಡೆ. ಮಳೆ ಹೋಯಿತು, ನೋವು ಉಳಿಯಿತು. ಒಂದೇ ಸುಖ ಎಂದರೆ ಹಂಡೆಯ ನೀರು. ಬಿಸಿನೀರಿನಲ್ಲಿ ಕೈ ಅದ್ದಿದರೆ ಗಂಟುಗಳು ಸ್ವಲ್ಪ ಸಡಿಲವಾಗುತ್ತಿದ್ದವು. ಇಂದು ಇಷ್ಟು ಬಿಸಿ, ಮುಂದಿನ ತಿಂಗಳು ಇನ್ನೂ ಸ್ವಲ್ಪ, ಹಾಗೆ ಏರುತ್ತಾ ಹೋಯಿತು. ಕೊನೆಗೆ ಬೇರೆಯವರು ಬೆರಳು ತಾಗಿಸಿ ಹಿಂದೆ ಎಳೆಯುವ ನೀರಿನಲ್ಲಿ ನಾನು ಮುಂಗೈ ಮುಳುಗಿಸಿ ಕಣ್ಣು ಮುಚ್ಚಿ ಕೂರುತ್ತಿದ್ದೆ. ನಮ್ಮ ಮನೆಯವರು ಟೈಲರ್, ಶಾಲೆಯ ಹತ್ತಿರ ಅಂಗಡಿ. ಅವರು ನನ್ನ ಕೈ ಹಿಡಿದು ನೋಡಿ, "ಇದು ಚರ್ಮವಾ, ಚಪ್ಪಲಿಯ ತೊಗಲಾ? ನನ್ನ ಸೂಜಿ ಇದಕ್ಕೆ ಸಾಲದು ಮಾರಾಯ್ತಿ" ಎಂದಿದ್ದರು. ಅವತ್ತು ಅದು ಬರೇ ತಮಾಷೆ.

ಪುತ್ತೂರಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕುಳಿತು ಕುಳಿತು ಆ ಬೆಂಚು ನನಗೆ ಮನೆಯ ಜಗಲಿಯಷ್ಟೇ ಪರಿಚಯ. ಬೆಂಚು ತಗ್ಗು. ಕುಳಿತರೆ ಏಳಲಿಕ್ಕೆ ಆಗುತ್ತಿರಲಿಲ್ಲ. ನನ್ನ ಹೆಸರು ಕರೆದಾಗ ನಾನು ಎದ್ದು ನಿಲ್ಲುವಷ್ಟರಲ್ಲಿ ಇನ್ನೊಬ್ಬರು ಒಳಗೆ ಹೋಗಿ ಆಗುತ್ತಿತ್ತು. ಅದನ್ನು ನೋಡಿ ಕಂಪೌಂಡರ್ ಒಳಗಿನಿಂದ ಎತ್ತರದ ಸ್ಟೂಲು ತಂದಿಟ್ಟರು. ಮತ್ತೆ ಹೋದಾಗಲೆಲ್ಲ ಆ ಸ್ಟೂಲು ನನಗೆಂದೇ ಗೋಡೆಯ ಬದಿಗೆ ಇರುತ್ತಿತ್ತು. ನೋವು ತಿನ್ನುವವರಿಗೆ ಇಂಥದ್ದು ಮರೆಯುವುದಿಲ್ಲ. ನೋಡಿ, ನಾನೇ ಮರೆತಿಲ್ಲ.

ಅಲ್ಲಿಯೇ ಏಲಿಯಮ್ಮ ಸಿಕ್ಕಿದ್ದು. ಕೇರಳದಿಂದ ಬಂದು ಕಡಬದ ಹತ್ತಿರ ರಬ್ಬರ್ ಹಾಕಿದ ಮನೆಯ ಹೆಂಗಸು. ಅವಳ ಬೆರಳುಗಳೂ ನನ್ನವುಗಳ ಹಾಗೆ ಒಂದು ಪಕ್ಕಕ್ಕೆ ವಾಲಿದ್ದವು. ಮೊದಲ ದಿನ ತನ್ನ ಕೈಯನ್ನು ನನ್ನ ಕೈಯ ಪಕ್ಕ ಇಟ್ಟು, "ನೋಡಿ ಚೇಚೀ, ಒಂದೇ ಗಾಳಿಗೆ ವಾಲಿದ ಬಾಳೆ" ಎಂದಳು. ಅವಳ ಕನ್ನಡದಲ್ಲಿ ಅರ್ಧ ಮಲಯಾಳ, ನನ್ನದರಲ್ಲಿ ಅರ್ಧ ತುಳು, ನೋವಿನ ವಿಷಯಕ್ಕೆ ಅಷ್ಟು ಸಾಕಿತ್ತು.

ಡಾಕ್ಟರರು ರಕ್ತ ನೋಡಿಸಿ, ಕೈಯ ಫೋಟೋ ತೆಗೆಸಿ, ಇದು ಗಂಟುವಾತ, ಬಂದರೆ ಹೋಗುವ ಜಾತಿಯದ್ದಲ್ಲ ಎಂದರು. "ಹಿಡಿದು ನಿಲ್ಲಿಸಲಿಕ್ಕೆ ನೋಡುವ" ಎಂದರು. ಅದನ್ನು ಒಪ್ಪಿಕೊಂಡೆ. ಮೈ ಹೋದರೂ ತಲೆ ಉಂಟಲ್ಲ ಎಂದು ಧೈರ್ಯ ಇತ್ತು.

ಆ ತಲೆಯೂ ಹೋಗುತ್ತಿದೆಯೆಂದು ನನಗೆ ಗೊತ್ತಾದದ್ದು ಬೆಟ್ಟಂಪಾಡಿಯ ಒಂದು ಮನೆಯಲ್ಲಿ. ಬೆಳಿಗ್ಗೆ ಬಸ್ಸಿಳಿದು ಹೋಗಿ, ಸೆರಗು ಸಿಕ್ಕಿಸಿ, ಹಂಡೆಯ ಒಲೆಗೆ ಕಟ್ಟಿಗೆ ಇಡುತ್ತಿದ್ದೆ. ಆ ಮನೆಯ ಯಜಮಾನಿ ಬಂದು ನೋಡಿದರು. "ಲೀಲಕ್ಕ, ಮೊದಲು ಕಾಫಿ ಕುಡಿಯಿರಿ" ಎಂದರು. ಕುಡಿದ ಮೇಲೆ ಮೆಲ್ಲನೆ ಹೇಳಿದರು, "ಬಾಣಂತನ ಮುಗಿದು ಮಗಳು ಗಂಡನ ಮನೆಗೆ ಹೋಗಿ ಆಯ್ತಲ್ಲ. ನೀವೇ ದೃಷ್ಟಿ ತೆಗೆದು ಕಳಿಸಿದ್ದು. ಸೀರೆ ಕೊಟ್ಟದ್ದು ನೆನಪಿಲ್ವಾ?" ಅವರು ಕೊಟ್ಟ ಸೀರೆಯನ್ನೇ ನಾನು ಉಟ್ಟಿದ್ದೆ.

ಅಲ್ಲಿಂದ ಮುಂದೆ ಅದು ಇಳಿಯುವ ನೀರಿನ ಹಾಗೆ. ಸಾರಿಗೆ ಉಪ್ಪು ಎರಡು ಸಲ, ಮಾತ್ರೆ ಎರಡು ಸಲ, ಇಲ್ಲವೇ ಎರಡೂ ಇಲ್ಲ. ಯಾರೂ ಬೈಯಲಿಲ್ಲ. ಕೆಲಸಕ್ಕೆ ಕರೆಯುವುದನ್ನು ಮಾತ್ರ ನಿಲ್ಲಿಸಿದರು. ಎದುರಿನ ಮನೆಯಲ್ಲೇ ಹೆರಿಗೆಯಾದಾಗ ಬೇರೆ ಊರಿನ ಹೆಂಗಸು ಬಂದು ಹೋಗುತ್ತಿದ್ದಳು. ಮಗು ಮೀಯುವಾಗ ಅಳುವ ಸ್ವರ ನಮ್ಮ ಅಡಿಗೆಮನೆಗೆ ಕೇಳುತ್ತಿತ್ತು. ಆಗ ನನ್ನ ಕಾಲು ತಾನೇ ನೆಟ್ಟಗಾಗುತ್ತಿತ್ತು.

ಪುತ್ತೂರಿನ ಡಾಕ್ಟರರು ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಚಿಕ್ಕ ಪ್ರಾಯದ ಡಾಕ್ಟರ್ ಒಬ್ಬರು ಮೂರು ವಸ್ತುಗಳ ಹೆಸರು ಹೇಳಿ, ಬೇರೆ ಏನೇನೋ ಮಾತಾಡಿಸಿ, ಆ ಹೆಸರು ಪುನಃ ಕೇಳಿದರು. ನಾನು ಮನೆಯವರ ಮುಖ ನೋಡಿದೆ. ಅವರು ಬಾಯಿ ತೆರೆದರು. "ನೀವು ಹೇಳ್ಬೇಡಿ ಯಜಮಾನ್ರೆ" ಎಂದರು ಡಾಕ್ಟರ್. ಅವರು ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದರು. ಮದುವೆಯಾದ ಮೇಲೆ ನನ್ನ ಎದುರು ಅವರ ಕಣ್ಣು ತುಂಬಿದ್ದನ್ನು ನೋಡಿದ್ದು ಅದೇ ಮೊದಲು.

"ನೋವಿಗೆ ನಿದ್ದೆ ಇಲ್ಲ, ಮಾತ್ರೆಗಳೂ ಉಂಟು, ಅದರಿಂದಲೂ ಮರೆವು ಬರ್ತದೆ. ಅದಕ್ಕಿಂತ ಹೆಚ್ಚಿನದ್ದೂ ಇರಬಹುದು. ಸರಿ ಆಗ್ತದೆ ಅಂತ ನಾನು ಹೇಳುದಿಲ್ಲ ಅಮ್ಮ" ಎಂದರು ಆ ಡಾಕ್ಟರ್. ಸುಳ್ಳು ಹೇಳದ್ದಕ್ಕೆ ಅವರಿಗೆ ಪುಣ್ಯ ಬರಲಿ.

ಮುಂದಿನ ಸಲ ಪುತ್ತೂರಿನಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದಾಗ ಪಕ್ಕದ ಹೆಂಗಸೊಬ್ಬಳು ನನ್ನ ಎಲೆಯಡಿಕೆ ಚೀಲಕ್ಕೆ ಕೈ ಹಾಕಿದಳು. ನಾನು ಚೀಲ ಎಳೆದುಕೊಂಡೆ. ಅವಳು ಸಿಟ್ಟಾಗಲಿಲ್ಲ. "ನಾನು ಏಲಿಯಮ್ಮ, ಕಡಬದ ರಬ್ಬರಿನವಳು. ಪ್ರತಿ ಸಲ ನಿಮ್ಮ ಎಲೆ ಕದ್ದು ತಿನ್ನುವವಳು" ಎಂದಳು. ಆಮೇಲೆ ಎಷ್ಟೋ ಸಲ ಅವಳು ಹೀಗೆಯೇ ತನ್ನ ಪರಿಚಯ ತಾನೇ ಹೇಳಿಕೊಂಡಳಂತೆ. ಒಮ್ಮೆಯೂ "ಮರೆತಿರಾ?" ಎಂದು ಕೇಳಲಿಲ್ಲವಂತೆ.

ಇಷ್ಟರಲ್ಲಿ ಪಂಜದಿಂದ ಸುದ್ದಿ ಬಂತು, ಸುಮತಿ ಬಸುರಿ.

ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತದ ದಿನ ಸುಮತಿಯ ಅತ್ತೆ ನನ್ನ ಬೆರಳುಗಳನ್ನು ನೋಡಿ, ದನಿ ತಗ್ಗಿಸಿ, "ನಿಮಗೆ ಯಾಕೆ ಕಷ್ಟ ಅಕ್ಕ, ನಮ್ಮಲ್ಲಿ ಒಬ್ಬಳು ಒಳ್ಳೆ ಹೆಂಗಸು ಇದ್ದಾಳೆ, ಬಾಣಂತನ ಪಂಜದಲ್ಲೇ ಆಗಲಿ" ಎಂದರು. ಅವರದ್ದೇನೂ ತಪ್ಪಲ್ಲ. ಅದಕ್ಕೆ ಸುಮತಿಯೇ ಹೇಳಿದಳು, "ನನ್ನ ಅಮ್ಮ ಊರಿನ ಮಕ್ಕಳನ್ನೆಲ್ಲ ಮೀಯಿಸಿದವಳು ಅತ್ತೆ. ನನ್ನ ಬಾಲೆಯನ್ನು ಬೇರೆಯವರ ಕಾಲ ಮೇಲೆ ಮಲಗಿಸುದಾ?"

ಆ ಮಾತಿಗೆ ನಾನು ಹೂವಾಗಿ ಹೋದೆ. ಹಾಗೆಯೇ ಹೆದರಿಕೆಯೂ ಆಯಿತು. ಇಷ್ಟು ಮಕ್ಕಳನ್ನು ಮೀಯಿಸಿದ ನನಗೆ ಈ ಒಂದು ಮಗುವನ್ನು ಮೀಯಿಸಲಿಕ್ಕೆ ಆಗುತ್ತದಾ? ಆಗದಿದ್ದರೆ ನಾನು ಇನ್ನು ಯಾತಕ್ಕೆ?

ಬಾಲೆ ಹುಟ್ಟಿತು. ನಮ್ಮವರು ಅಂಗಡಿಗೆ ಬೀಗ ಹಾಕಿ ಬಂದು, ದೂರದಲ್ಲಿ ನಿಂತು, ಟೇಪು ಇನ್ನೂ ಕೊರಳಲ್ಲೇ ಇತ್ತು, "ಎಂತ ಸಣ್ಣದು! ಇದಕ್ಕೆ ಅಂಗಿ ಹೊಲಿಯಲಿಕ್ಕೆ ಬಟ್ಟೆಯ ಚೂರೇ ಸಾಕು" ಎಂದರು. ನಾನು ಅತ್ತೆ, ನಕ್ಕೆ. ಮೊಣಕಾಲು ನೋಯುವುದು ಸಹ ಆ ದಿನ ತಿಳಿಯಲಿಲ್ಲ.

ನನ್ನ ಹೆದರಿಕೆ ಅವರಿಗೆ ಹೇಳಿದ್ದೆ. ಬಾಲ್ದಿಯಲ್ಲಿ ಹಬೆ ಏಳುತ್ತಿರುತ್ತದೆ, ತಣ್ಣೀರು ಹಾಕಿ ಆಯಿತಾ ಇಲ್ಲವಾ ಎಂದು ಆ ಕ್ಷಣಕ್ಕೆ ನೆನಪಾಗುವುದಿಲ್ಲ. ಕೈ ಅದ್ದಿ ನೋಡಿದರೆ, ಈ ಕೈಗೆ ಎಲ್ಲ ಬಿಸಿಯೂ ಹಿತವೇ. ಅವರು ಯೋಚಿಸಿ ಒಂದು ಕೆಂಪು ಬಟ್ಟೆಯ ಪಟ್ಟಿ ಹೊಲಿದು ತಂದರು. ತಣ್ಣೀರು ಬೆರೆಸಿದ ಕೂಡಲೇ ಅದನ್ನು ಬಾಲ್ದಿಯ ಹಿಡಿಗೆ ಕಟ್ಟುವುದು. ಮಿಂದು ಮುಗಿದ ಮೇಲೆ ಬಿಚ್ಚಿ ಮೊಳೆಗೆ ಹಾಕುವುದು. "ತಲೆಗೆ ನೆನಪಿಲ್ಲದಿದ್ದರೆ ಬಾಲ್ದಿಗೆ ಇರಲಿ" ಎಂದರು.

ಎಷ್ಟು ಚಂದ ನಡೆಯಿತು! ಎಣ್ಣೆ ತಿಕ್ಕಿದ ಮೈ, ತೊಡೆಯ ಮಡಿಕೆ, ಅಂಗೈಯೊಳಗೆ ಅಂಟಿಕೊಂಡ ಹತ್ತಿಯ ಎಳೆ. ನೀರು ಬಿದ್ದ ಕೂಡಲೇ ಬಾಯಿ ಮೊಗ್ಗಿನ ಹಾಗೆ ಮಾಡಿ ಸುಮ್ಮನಾಗುವ ಬಾಲೆ ಅದು. ಬಾಗಿಲ ಬಳಿ ಸ್ಟೂಲು ಹಾಕಿ ಕುಳಿತ ಸುಮತಿ, "ನನ್ನನ್ನೂ ಹೀಗೇ ಮೀಯಿಸಿದ್ದಾ ಅಮ್ಮ?" ಎಂದು ಕೇಳುತ್ತಿದ್ದಳು. "ನೀನು ಹೀಗೆ ಸುಮ್ಮನಿರುತ್ತಿದ್ದಿಯಾ? ಊರಿಗೆಲ್ಲ ಕೇಳುವ ಹಾಗೆ ಕಿರುಚುದು" ಎನ್ನುತ್ತಿದ್ದೆ. ಅದು ಹಳೆಯ ನೆನಪು, ತಪ್ಪುವುದಿಲ್ಲ.

ಒಂದು ಬೆಳಿಗ್ಗೆ ನಾನು ಬಿಸಿನೀರು ತೋಡಿ ಕುಳಿತೆ. ಬಾಲ್ದಿಯ ಹಿಡಿಯಲ್ಲಿ ಕೆಂಪು ಪಟ್ಟಿ ಇತ್ತು. ಅದು ಹಿಂದಿನ ದಿನದ್ದು. ಬಿಚ್ಚಿ ಮೊಳೆಗೆ ಹಾಕಲಿಕ್ಕೆ ನಾನು ಮರೆತಿದ್ದೆ. ಪಟ್ಟಿ ಉಂಟು ಎಂದರೆ ತಣ್ಣೀರು ಹಾಕಿ ಆಗಿದೆ. ಕೈ ಅದ್ದಿದೆ, ಹಿತವಾಗಿತ್ತು. ಕಾಲ ಮೇಲೆ ಬಾಲೆ, ಕೈಯಲ್ಲಿ ತುಂಬಿದ ಚೆಂಬು. ಸುಮತಿಗೆ ಹಬೆ ಹೆಚ್ಚು ಕಂಡಿತಂತೆ. "ಅಮ್ಮ, ನಿಲ್ಲು!" ಎಂದು ಕೂಗಿ ಬಂದು ಕೈ ಅಡ್ಡ ಹಿಡಿದಳು. ನೀರು ಅವಳ ಮುಂಗೈ ಮೇಲೆ ಬಿತ್ತು. ಅವಳು ಕಿರುಚಿದ್ದಕ್ಕೆ ಬಾಲೆ ಬೆಚ್ಚಿ ಅತ್ತಿತು. ಬಾಲೆಗೆ ಒಂದು ಹನಿಯೂ ತಾಗಲಿಲ್ಲ. ಇದನ್ನು ಇನ್ನೊಮ್ಮೆ ಬರೆಯುತ್ತೇನೆ, ಒಂದು ಹನಿಯೂ ತಾಗಲಿಲ್ಲ.

ನಾನು ಚೆಂಬನ್ನು ಕೆಳಗಿಟ್ಟೆ. "ಪಟ್ಟಿ ಇತ್ತಲ್ಲ" ಎಂದೆ.

ಇದಕ್ಕಿಂತ ಕಷ್ಟದ್ದು ಮಾರನೆಯ ದಿನ. ಬೆಳಿಗ್ಗೆ ನಾನು ಸುಮತಿಯ ಮುಂಗೈ ಕಂಡು, "ಅಯ್ಯೋ, ಕೈಗೆ ಎಂತ ಆಯ್ತು ಮಗಾ?" ಎಂದು ಕೇಳಿದೆನಂತೆ. ಅವಳು ಇದ್ದದ್ದನ್ನು ಹೇಳಿದಳು. ನಾನು ಎದೆ ಬಡಿದುಕೊಂಡು ಅತ್ತೆನಂತೆ. ಅದರ ಮಾರನೆಯ ದಿನವೂ ಕೇಳಿದೆ. ಆಗ ಅವಳು, "ಏನಿಲ್ಲ ಅಮ್ಮ, ಹಪ್ಪಳ ಕರಿಯುವಾಗ ಎಣ್ಣೆ ಹಾರಿತು" ಎಂದಳು. ಬಾಣಂತಿ ಯಾಕೆ ಒಲೆಯ ಹತ್ತಿರ ಹೋದದ್ದು ಎಂದು ನಾನು ಅವಳಿಗೇ ಜೋರು ಮಾಡಿದೆನಂತೆ. ಗಾಯ ಮಾಯುವವರೆಗೆ ದಿನವೂ ಬೈಸಿಕೊಂಡಳು. ಇದನ್ನು ಬರೆಯುತ್ತೇನೆಂದು ಹೇಳಿದ ಮೇಲೆಯೇ ಅವಳು ಎಲ್ಲ ತಿಳಿಸಿದ್ದು.

ನನ್ನ ಕೈಗೆ ಚೆಂಬು ಕೊಡುವುದು ಅಲ್ಲಿಗೆ ನಿಂತಿತು. ಪಂಜದ ಹೆಂಗಸನ್ನು ಕರೆಸುವುದೇ ಎಂದು ಮಾತಾಯಿತು. ನಾನು ಬೇಡ ಎನ್ನಲಿಲ್ಲ, ಯಾವ ಬಾಯಲ್ಲಿ ಎನ್ನಲಿ? ಸುಮತಿಯೇ, "ಅಮ್ಮ ಬರೇ ಕಾಲು ಚಾಚಿ ಕೂರಲಿ. ನೀರು ಬೇರೆ ಯಾರಾದರೂ ಹೊಯ್ಯಲಿ" ಎಂದಳು. ಬೇರೆ ಯಾರು? ಬಾಣಂತಿ ಬಗ್ಗುವ ಹಾಗಿಲ್ಲ. ಉಳಿದದ್ದು ಟೈಲರ್ ಒಬ್ಬರೇ.

ಗಂಡಸರು ಆ ಹೊತ್ತಿಗೆ ಬಚ್ಚಲ ಕಡೆ ಹಾಯುವ ಕ್ರಮ ಇಲ್ಲ. ಇವರು ಲುಂಗಿ ಎತ್ತಿ ಕಟ್ಟಿ ಬಂದು ನಿಂತರು. "ಯಾರಿಗೂ ಹೇಳ್ಬೇಡಿ ಆಯ್ತಾ, ಅಂಗಡಿಗೆ ಜನ ಬರಲಿಕ್ಕಿಲ್ಲ" ಎಂದರು. ನನ್ನ ಮೊಣಕಾಲು ಆಗಲೇ ಮಡಚುವುದನ್ನು ನಿಲ್ಲಿಸಿತ್ತು. ಕೂರಿಸಲಿಕ್ಕೆ, ಏಳಿಸಲಿಕ್ಕೆ ಅವರೇ ಕಂಕುಳಿಗೆ ಕೈ ಹಾಕಬೇಕು. ಒಲೆಯೆದುರು ಕೂರಲಿಕ್ಕೆ, ಮೆಟ್ಟಿಲು ಹತ್ತಲಿಕ್ಕೆ ಯಾವುದಕ್ಕೂ ಬಾರದ ಕಾಲು. ಆದರೆ ನೆಟ್ಟಗೆ ಚಾಚಿ ಇಡುವ ಕೆಲಸಕ್ಕೆ ಮಡಚಬೇಕೆಂದು ಉಂಟಾ? ಬಾಲೆಯನ್ನು ಅದರ ಮೇಲೆ ಮಲಗಿಸಿದರು. ಸಣ್ಣ ಹಿಮ್ಮಡಿಯಿಂದ ಗಂಟಿಗೇ ಒದೆಯುತ್ತಿತ್ತು. ಒದ್ದಾಗ ಕಣ್ಣು ಕತ್ತಲೆ ಬರುತ್ತಿತ್ತು. ಇನ್ನೂ ಒದೆ ಮಗಳೇ ಎನ್ನುತ್ತಿದ್ದೆ.

ಇವರು ಮೊದಲ ಚೆಂಬನ್ನು ನನ್ನ ಕಾಲಿಗೆ ಹೊಯ್ಯುವುದು. ಕೈ ಸುಳ್ಳು ಹೇಳಿದರೂ ಕಾಲು ಹಾಗಲ್ಲ, ಅದಕ್ಕೆ ಬಿಸಿಯ ಅಭ್ಯಾಸ ಇರಲಿಲ್ಲ.

"ಬಿಸಿ ಸರಿ ಉಂಟಾ?"

"ಸ್ವಲ್ಪ ಹೆಚ್ಚಾಯ್ತು."

"ಈಗ?"

"ಸರಿ ಉಂಟು. ಇನ್ನು ಬಾಲೆಗೆ ಹೊಯ್ಯಿರಿ."

ಮಲ್ಲಿಗೆ ಗಿಡಕ್ಕೆ ಹೊಯ್ಯುವ ಹಾಗೆ, ಬೇರಿಗೆ ಪೆಟ್ಟಾಗದಂತೆ ಹೊಯ್ಯುತ್ತಿದ್ದರು. ಬಾಗಿಲಲ್ಲಿ ಕುಳಿತ ಸುಮತಿಗೆ ನಗು ತಡೆಯುತ್ತಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಸುಖದ ದಿನಗಳು ಬೇರೆ ಇಲ್ಲ. ಇದನ್ನು ನಾನು ಹೇಳುತ್ತಿರುವುದಾ, ಅವರು ಹೇಳಿಕೊಟ್ಟದ್ದಾ, ಅದು ನನಗೆ ಗೊತ್ತಿಲ್ಲ. ಕಾಲಿಗೆ ಗೊತ್ತುಂಟು.

ಆದರೆ ಮಕ್ಕಳು ಬೆಳೆಯುತ್ತಾರಲ್ಲ. ಬಾಲೆ ಮಗುಚಲಿಕ್ಕೆ ಶುರು ಮಾಡಿತು. ಎಣ್ಣೆಯ ಮೈ, ಕಾಲ ಮೇಲಿಂದ ಜಾರುತ್ತಿತ್ತು, ಹಿಡಿಯಲಿಕ್ಕೆ ನನ್ನ ಬೆರಳಿಗೆ ಬಲವಿಲ್ಲ. ಅದೇ ಹೊತ್ತಿಗೆ ತಾಯಿ ಮಗುವನ್ನು ಕರೆದುಕೊಂಡು ಹೋಗಲಿಕ್ಕೆ ಪಂಜದಿಂದ ಜೀಪು ಬಂತು. ಬಾಗಿಲಲ್ಲಿ ನಾನೇ ದೃಷ್ಟಿ ತೆಗೆದು ಕಳಿಸಿದೆನಂತೆ. ಅತ್ತೆನಾ ಎಂದು ಕೇಳಿದರೆ ಇವರು ಹೇಳುವುದಿಲ್ಲ.

ಈಗ ನೋವು ಸೊಂಟಕ್ಕೂ ಬಂದಿದೆ. ಮರೆವಿಗೆ ಯಾವ ಮದ್ದೂ ತಾಗಲಿಲ್ಲ. ಓದುವವರಲ್ಲಿ ನನ್ನ ಹಾಗಿನವರು ಇದ್ದರೆ, ನಿಮಗೆ ಹೇಳಿಕೊಡುವ ಉಪಾಯ ನನ್ನಲ್ಲಿಲ್ಲ. ಕೆಂಪು ಪಟ್ಟಿ ಕಟ್ಟಬೇಡಿ, ಅಷ್ಟೇ. ಕಟ್ಟಿದರೆ ಬಿಚ್ಚುವ ಕೆಲಸ ಬೇರೆಯವರಿಗೆ ಕೊಡಿ. ಏಲಿಯಮ್ಮ ಈಚೆಗೆ ಕ್ಲಿನಿಕ್ಕಿಗೆ ಬರುವುದಿಲ್ಲವಂತೆ. ಕಂಪೌಂಡರನ್ನು ಕೇಳಿದ್ದಕ್ಕೆ, "ಬೇಸಗೆಯಲ್ಲೇ ತೀರಿಕೊಂಡ್ರಲ್ಲ, ನಿಮಗೆ ಹೇಳಿದ್ದೆ" ಎಂದರು. ಈ ಸುದ್ದಿಯನ್ನು ನಾನು ಎಷ್ಟು ಸಲ ಮೊದಲ ಸಲ ಕೇಳಿದ್ದೇನೋ. ಈಗಲೂ ಎಲೆಯಡಿಕೆ ಚೀಲದ ಬಾಯಿ ತೆರೆದೇ ಇಟ್ಟುಕೊಂಡು ಸ್ಟೂಲಿನಲ್ಲಿ ಕೂರುತ್ತೇನೆ.

ಇನ್ನೊಂದು ವಿಷಯ ಉಂಟು. ಇದು ಇವರು ಹೇಳಿದ್ದು. ಕೆಲವು ದಿನ ಬೆಳಿಗ್ಗೆ ನಾನು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ಹೇಗೋ ಜಾರಿ ನೆಲಕ್ಕೆ ಕುಳಿತು, ಎರಡೂ ಕಾಲು ಚಾಚಿ ಸೆರಗು ಸಿಕ್ಕಿಸಿ ಕಾಯುತ್ತೇನಂತೆ. ಮೊದಮೊದಲು ಇವರು, "ಬಾಲೆ ಪಂಜದಲ್ಲಿ ಉಂಟಲ್ಲ, ದೊಡ್ಡದಾಯ್ತಲ್ಲ" ಎಂದು ತಿಳಿಸಿ ಹೇಳುತ್ತಿದ್ದರಂತೆ. ಹೇಳಿದ ಪ್ರತಿ ಸಲವೂ ನಾನು ಅದೇ ಜೀಪು ಈಗ ತಾನೇ ಹೋದ ಹಾಗೆ ಅಳುತ್ತಿದ್ದೆ. ಹಾಗಾಗಿ ಈಗ ಹೇಳುವುದನ್ನು ಬಿಟ್ಟಿದ್ದಾರೆ. ಲುಂಗಿ ಎತ್ತಿ ಕಟ್ಟಿ ಬರುತ್ತಾರೆ, ಬಾಲ್ದಿಗೆ ಬಿಸಿ ತೋಡಿ ತಣ್ಣೀರು ಬೆರೆಸಿ, ಒಂದು ಚೆಂಬು ನನ್ನ ಕಾಲ ಮೇಲೆ ಹೊಯ್ಯುತ್ತಾರೆ.

"ಬಿಸಿ ಸರಿ ಉಂಟಾ?"

"ಸರಿ ಉಂಟು. ಇನ್ನು ಬಾಲೆಯನ್ನು ತನ್ನಿ."

ಅವರು ಇನ್ನೊಂದು ಚೆಂಬು ಹೊಯ್ಯುತ್ತಾರಂತೆ.